ನಾಲ್ಕನೇ ತರಗತಿಯಲ್ಲಿ ನಿಂತುಹೋಗುವ ಕಲಿಕೆ

ತರಗತಿಯಲ್ಲಿ ಹೆಚ್ಚು ಹೊತ್ತು ಯಾರ ತಲೆ ಕೆಲಸ ಮಾಡುತ್ತಿದೆ ಎಂಬ ಒಂದು ಪ್ರಶ್ನೆಯಿಂದ ಸಕ್ರಿಯ ಕಲಿಕೆಯನ್ನು ಗುರುತಿಸಬಹುದು. ಶಿಕ್ಷಕರು ನಲವತ್ತು ನಿಮಿಷ ಚೆನ್ನಾಗಿಯೇ ವಿವರಿಸಿ, ಮಕ್ಕಳು ಶಿಸ್ತಿನಿಂದ ಕೇಳಿ, ಕೊನೆಗೆ ಬೋರ್ಡಿನ ಮೇಲಿದ್ದುದನ್ನು ನೋಟ್ ಬುಕ್ಕಿಗೆ ಇಳಿಸಿಕೊಂಡರೆ ಆ ಪೀರಿಯಡ್‌ನಲ್ಲಿ ಯೋಚಿಸಿದವರು ಶಿಕ್ಷಕರೊಬ್ಬರೇ. ಮಗು ಊಹಿಸಬೇಕು, ಆರಿಸಬೇಕು, ಆರಿಸಿದ್ದಕ್ಕೆ ಕಾರಣ ಹೇಳಬೇಕು, ಪಕ್ಕದವರ ಕಾರಣ ಕೇಳಿ ತನ್ನದನ್ನು ತಿದ್ದಿಕೊಳ್ಳಬೇಕು. ಇಷ್ಟು ನಡೆದರೆ ಅದು ಸಕ್ರಿಯ ಕಲಿಕೆ. ಹಾಡು, ಕುಣಿತ, ಬಣ್ಣದ ಚಾರ್ಟು ಇದ್ದರೂ ಇರಬಹುದು, ಇಲ್ಲದಿದ್ದರೂ ನಡೆಯುತ್ತದೆ. ಇಡೀ ಪೀರಿಯಡ್ ಭೂಪಟಕ್ಕೆ ಬಣ್ಣ ತುಂಬಿದ ಮಗುವಿನ ಕೈ ಓಡಾಡಿತೇ ಹೊರತು ತಲೆಯಲ್ಲ. ತುಟಿ ಬಿಚ್ಚದೆ ಕೂತು, ಎರಡು ಉತ್ತರಗಳಲ್ಲಿ ಯಾವುದು ಸರಿ ಎಂದು ಒದ್ದಾಡುತ್ತಿರುವ ಮಗು ಪೂರ್ತಿ ಸಕ್ರಿಯವಾಗಿದೆ. ಪೋಷಕರಲ್ಲೂ ಎಷ್ಟೋ ಶಿಕ್ಷಕರಲ್ಲೂ ಈ ವಿಷಯದಲ್ಲಿ ಗೊಂದಲವಿದೆ. ಗದ್ದಲವೇ ಚಟುವಟಿಕೆ ಎಂದುಕೊಂಡವರು ಒಂದು ಕಡೆ, ಗದ್ದಲವಾಯಿತು ಎಂದು ಚಟುವಟಿಕೆಯನ್ನೇ ಬಿಟ್ಟವರು ಇನ್ನೊಂದು ಕಡೆ.

ಕಾನೂನು ಈ ಬಗ್ಗೆ ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್, ಚಟುವಟಿಕೆ, ಶೋಧನೆ ಮತ್ತು ಅನ್ವೇಷಣೆಯ ಮೂಲಕ ಮಕ್ಕಳು ಕಲಿಯಬೇಕು ಎನ್ನುತ್ತದೆ. ಆದರೆ ಕರ್ನಾಟಕ ಇದಕ್ಕಾಗಿ ಕಾಯ್ದೆ ಬರಲಿ ಎಂದು ಕಾದು ಕೂರಲಿಲ್ಲ. 1995ರಲ್ಲೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ನಲಿ-ಕಲಿ ಎಂಬ ಕಲಿಕಾ ವಿಧಾನ ಶುರುವಾಯಿತು. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಸಂಸ್ಥೆಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಬಹುವರ್ಗ ಬೋಧನೆಯನ್ನು ಕಂಡುಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಇಲ್ಲಿಗೆ ಒಗ್ಗುವ ಕಾರ್ಡುಗಳನ್ನು, ಹಾಡುಗಳನ್ನು, ಆಟಗಳನ್ನು ಕೂತು ಬರೆದರು. ಮೇಲಿನವರು ಇಳಿಸಿದ ಯೋಜನೆಗಳು ಬಂದಷ್ಟೇ ಬೇಗ ಮರೆಯಾಗುವ ಇಲಾಖೆಯಲ್ಲಿ ಇದು ಉಳಿದುಕೊಳ್ಳಲು ಆ ಶಿಕ್ಷಕರ ಕೈಬರಹವೇ ಮುಖ್ಯ ಕಾರಣ ಎನ್ನಬೇಕು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ, ಮರುವರ್ಷ ಮೂರನೆಯದಕ್ಕೆ ಅದು ವಿಸ್ತರಿಸಿತು.

ದೊಡ್ಡಬಳ್ಳಾಪುರ ತಾಲ್ಲೂಕಿನದೋ ನೆಲಮಂಗಲ ತಾಲ್ಲೂಕಿನದೋ ಯಾವುದೇ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯ ನಲಿ-ಕಲಿ ಕೊಠಡಿಯನ್ನು ಹೊಕ್ಕು ನೋಡಿದರೆ ಆ ವಿಧಾನದ ಬುದ್ಧಿವಂತಿಕೆ ತಿಳಿಯುತ್ತದೆ. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂತಿರುತ್ತಾರೆ. ಶಿಕ್ಷಕರ ನೆರವು ಪೂರ್ತಿಯಾಗಿ ಬೇಕಾದವರದು ಒಂದು ಗುಂಪು, ಗೆಳೆಯರ ನೆರವು ಸಾಕಾದವರದು ಇನ್ನೊಂದು, ತಾವಾಗಿಯೇ ಕಲಿಯಬಲ್ಲವರದು ಮತ್ತೊಂದು. ಪ್ರಗತಿ ನೋಟದಲ್ಲಿ ಪ್ರತಿ ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂಬುದು ಬರೆದಿರುತ್ತದೆ. ಮಗು ಕಲಿಕಾ ಏಣಿ ನೋಡಿ, ತನ್ನ ಮೆಟ್ಟಿಲಿನ ಚಿತ್ರ ಗುರುತಿಸಿ, ತಟ್ಟೆಯಿಂದ ಕಾರ್ಡು ತಾನೇ ತೆಗೆದುಕೊಂಡು ಬಂದು ಕೂರುತ್ತದೆ. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದಿರುವುದು ಮಕ್ಕಳ ಕೈಗೆ ಎಟುಕಲಿ ಎಂದು. ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ತೂಗುವುದು ಅವರೇ ಬರೆದ ಚಿತ್ರ, ಅಕ್ಷರ. ಅಕ್ಷರ ಕಲಿಕೆ ಅ-ಆ-ಇ-ಈ ಕ್ರಮದಲ್ಲಿ ಹೋಗುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದ ಮಗು ಸರ, ದಸರ, ಅರಸ, ಗರಗಸ ಎಂದು ಓದಬಲ್ಲದು. ಇಡೀ ವರ್ಣಮಾಲೆ ಮುಗಿಯುವವರೆಗೂ ಒಂದು ಪದ ಓದುವ ಸುಖಕ್ಕೆ ಮಗು ಕಾಯಬೇಕಿಲ್ಲ. ಎರಡು ವಾರ ಜ್ವರ ಬಂದು ಮಲಗಿದ್ದ ಮಗು, ಜಾತ್ರೆಗೆಂದು ಅಜ್ಜಿಯ ಊರಿಗೆ ಹೋಗಿದ್ದ ಮಗು ಮರಳಿದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ಲೋಪಗಳಿಲ್ಲ ಎಂದಲ್ಲ. ಹರಿದ ಕಾರ್ಡಿನ ಬದಲಿಗೆ ಹೊಸದು ಬರುವುದು ತಡವಾಗುತ್ತದೆ. ಒಬ್ಬರೇ ಶಿಕ್ಷಕಿ ಎಲ್ಲ ಗುಂಪುಗಳ ನಡುವೆ ಓಡಾಡಿ ದಣಿಯುತ್ತಾರೆ. ಕೆಲವೆಡೆ ಏಣಿ, ಚಪ್ಪರ ಗೋಡೆಯ ಅಲಂಕಾರವಾಗಿ ಉಳಿದು, ಪಾಠ ಹಳೆಯ ರೀತಿಯಲ್ಲೇ ಸಾಗುತ್ತದೆ. ಆದರೂ ಸಾಮಾನ್ಯ ಸರ್ಕಾರಿ ಶಾಲೆಯೊಳಗೆ, ಸಾಮಾನ್ಯ ಸಂಬಳದ ಶಿಕ್ಷಕರ ಕೈಯಲ್ಲಿ, ಮಗು ತಾನೇ ಕಲಿಯುವಂಥ ತರಗತಿಯನ್ನು ಕಟ್ಟಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಾಡಿನಲ್ಲಿ ಇನ್ನೊಂದಿಲ್ಲ.

ನಿಜವಾದ ತೊಂದರೆ ಶುರುವಾಗುವುದು ಆಮೇಲೆ. ಮೂರು ವರ್ಷ ಗುಂಪಿನಲ್ಲಿ ಕೂತು, ಎದ್ದು ಹೋಗಿ ಕಾರ್ಡು ತಂದು, ಗೆಳೆಯನಿಗೆ ಹೇಳಿಕೊಟ್ಟು ಕಲಿತ ಮಗು ನಾಲ್ಕನೇ ತರಗತಿಗೆ ಬಂದ ದಿನ ಸಾಲಿನಲ್ಲಿ ಕೂರುತ್ತದೆ. ಮುಂದೆ ಬೋರ್ಡು, ಕೈಯಲ್ಲಿ ಪಠ್ಯಪುಸ್ತಕ, ಬಾಯಿಗೆ ಬೀಗ. ಅನುಮತಿ ಕೇಳದೆ ಎದ್ದರೆ ಗದರಿಕೆ. ಪಕ್ಕದವರನ್ನು ಕೇಳಿದರೆ ಕಾಪಿ ಹೊಡೆದಂತೆ. ತನ್ನ ಮೆಟ್ಟಿಲು ತಾನೇ ಗುರುತಿಸುತ್ತಿದ್ದ ಮಗುವಿಗೆ ಈಗ ಇಡೀ ತರಗತಿಯ ಜೊತೆ ಒಂದೇ ಪುಟದಲ್ಲಿರಬೇಕಾದ ಕಟ್ಟುಪಾಡು. ನಲಿ-ಕಲಿಯಿಂದ ಬಂದ ಮಕ್ಕಳಿಗೆ ಸಾಲಾಗಿ ಕೂರಲೂ ಬರುವುದಿಲ್ಲ ಎಂದು ದೂರುವವರಿದ್ದಾರೆ. ಹಾಗೆ ದೂರುವವರು, ಸಾಲಾಗಿ ಕೂರಿಸುವ ತರಗತಿಯೇ ಬದಲಾಗಬೇಕಿತ್ತಲ್ಲವೇ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಶಿಕ್ಷಕರ ಕಡೆಯಿಂದ ನೋಡಿದರೆ ಇದಕ್ಕೆ ಕಾರಣಗಳಿವೆ. ನಾಲ್ಕರಿಂದ ಮೇಲಕ್ಕೆ ಪುಸ್ತಕಗಳು ದಪ್ಪವಾಗುತ್ತವೆ, ಪೋರ್ಷನ್ ಮುಗಿಸಬೇಕು, ರೂಪಣಾತ್ಮಕ ಮೌಲ್ಯಮಾಪನದ ಅಂಕ ತುಂಬಬೇಕು, ಹತ್ತಿರ ಬಂದಂತೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡ. ಕಿರಿಯ ಶಾಲೆಯಲ್ಲಿ ಒಬ್ಬರೇ ಎರಡು ತರಗತಿ ನೋಡಿಕೊಳ್ಳಬೇಕಾದರೆ, ಪ್ರೌಢಶಾಲೆಯಲ್ಲಿ ಒಂದೇ ಕೊಠಡಿಯಲ್ಲಿ ಅರವತ್ತು ಮಕ್ಕಳು ಕೂತಿರಲೂಬಹುದು. ಇಂಥಲ್ಲಿ ನಲಿ-ಕಲಿಯ ಇಡೀ ವ್ಯವಸ್ಥೆಯನ್ನೇ ಮೇಲಿನ ತರಗತಿಗೆ ಎತ್ತಿಟ್ಟರೆ ನಡೆಯುವುದಿಲ್ಲ. ನಡೆಯುವುದು ಚಿಕ್ಕ ಚಿಕ್ಕ ತಂತ್ರಗಳು. ಬೆಂಚು ಸರಿಸದೆ, ಖರ್ಚಿಲ್ಲದೆ, ಪೀರಿಯಡ್‌ನ ನಡುವೆ ಹತ್ತು ನಿಮಿಷದಲ್ಲಿ ಮುಗಿಯುವಂಥವು.

ಏಳನೇ ತರಗತಿಯ ವಿಜ್ಞಾನದ ಒಂದು ಪ್ರಶ್ನೆಯನ್ನೇ ನೋಡಬಹುದು. ಒಂದು ಸ್ಟೀಲ್ ಲೋಟದಲ್ಲಿ ನೀರು, ಅದಕ್ಕೆ ಅಂಗಡಿಯಿಂದ ತಂದ ನಾಲ್ಕು ತುಂಡು ಐಸು. ಸ್ವಲ್ಪ ಹೊತ್ತಿಗೆ ಲೋಟದ ಹೊರಮೈಯಲ್ಲಿ ಹನಿ ಕೂರುತ್ತದೆ. ಆ ಹನಿ ಎಲ್ಲಿಂದ ಬಂತು? ಲೋಟದೊಳಗಿನ ನೀರು ಒಸರಿತು ಎನ್ನುವವರು ಒಂದು ಬೆರಳು, ಐಸಿನ ತಣ್ಣನೆ ಹೊಗೆ ಅಂಚು ದಾಟಿ ಇಳಿಯಿತು ಎನ್ನುವವರು ಎರಡು, ಗಾಳಿಯಲ್ಲಿದ್ದ ನೀರಾವಿ ತಣಿದು ಹನಿಯಾಯಿತು ಎನ್ನುವವರು ಮೂರು. ಬೆರಳನ್ನು ಎದೆಗೆ ಒತ್ತಿ ಹಿಡಿಯಬೇಕು, ಪಕ್ಕದವರಿಗೆ ಕಾಣಬಾರದು, ಮುಂದೆ ನಿಂತ ಶಿಕ್ಷಕರಿಗೆ ಮಾತ್ರ ಕಾಣಬೇಕು. ಬಾಷ್ಪೀಕರಣ, ಸಾಂದ್ರೀಕರಣದ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸುವ ಮಕ್ಕಳೇ ಇಲ್ಲಿ ಒಂದು ಬೆರಳು ತೋರಿಸುವುದುಂಟು. ಉತ್ತರವನ್ನು ಶಿಕ್ಷಕರು ಆಗಲೇ ಹೇಳಬಾರದು. ಬೇರೆ ಬೆರಳು ತೋರಿಸಿದ ಒಬ್ಬರನ್ನು ಹುಡುಕಿ, ಎರಡು ನಿಮಿಷ ಮಾತಾಡಿ, ಅವರನ್ನು ಒಪ್ಪಿಸಿ ಎಂದು ಬಿಡಬೇಕು. ಗದ್ದಲವಾಗುತ್ತದೆ. ಆ ಗದ್ದಲಕ್ಕೆ ಅರ್ಥವಿದೆ. ಮತ್ತೆ ಬೆರಳು ಎಣಿಸಿದರೆ ಮೂರರ ಕಡೆ ಎಷ್ಟೋ ಕೈ ವಾಲಿರುತ್ತದೆ. ಆಮೇಲೆ ಲೋಟದ ನೀರಿಗೆ ಒಂದು ಚಿಟಿಕೆ ಕುಂಕುಮ ಬೆರೆಸಿ, ತಟ್ಟೆ ಮುಚ್ಚಿ, ಹೊರಗಿನ ಹನಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ತೋರಿಸಿದರೆ ಬಟ್ಟೆಗೆ ಕೆಂಪು ಹತ್ತುವುದಿಲ್ಲ. ವಿವರಣೆಯ ಸರದಿ ಬರುವುದು ಈಗ. ಈಗ ಶಿಕ್ಷಕರು ಹೇಳುವ ಐದು ಮಾತನ್ನು ಇಡೀ ತರಗತಿ ಕಿವಿಗೊಟ್ಟು ಕೇಳುತ್ತದೆ, ಏಕೆಂದರೆ ಪ್ರತಿಯೊಬ್ಬರೂ ಒಂದು ಪಕ್ಷ ಹಿಡಿದಾಗಿದೆ.

ಇದೇ ವಿಧಾನವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ರೂಢಿಗೆ ತಂದರು. ಕಠಿಣ ಲೆಕ್ಕಗಳನ್ನು ಬಿಡಿಸುತ್ತಿದ್ದ ಅವರ ವಿದ್ಯಾರ್ಥಿಗಳು ಸರಳವಾದ, ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಎಡವುತ್ತಿದ್ದುದು ಅದಕ್ಕೆ ಕಾರಣ. ಈಗಷ್ಟೇ ಅರ್ಥಮಾಡಿಕೊಂಡ ವಿದ್ಯಾರ್ಥಿಗೆ ತನ್ನ ಗೆಳೆಯ ಎಲ್ಲಿ ಸಿಕ್ಕಿಕೊಂಡಿದ್ದಾನೆ ಎಂಬುದು ಪ್ರಾಧ್ಯಾಪಕರಿಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಇದನ್ನು ಪರದೇಶದ ಸರಕು ಎಂದು ತಳ್ಳುವಂತಿಲ್ಲ. ನಮ್ಮ ಹಳೆಯ ಹಳ್ಳಿಶಾಲೆಗಳಾದ ಕೂಲಿಮಠಗಳಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ದಕ್ಷಿಣ ಭಾರತದ ಇಂಥದ್ದೇ ಶಾಲೆಯ ಮಕ್ಕಳನ್ನು ಕಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದ್ರಾಸಿನ ಅನಾಥ ಶಾಲೆಯಲ್ಲಿ ಅದನ್ನು ಅಳವಡಿಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಅಲ್ಲಿನ ಎಷ್ಟೋ ಶಾಲೆಗಳು ಆ ದಾರಿ ಹಿಡಿದವು.

ಗೆಳೆಯರ ನಡುವಿನ ಮಾತಿಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇನ್ನೂ ಒಂದು ತೂಕವಿದೆ. ದೊಡ್ಡಬಳ್ಳಾಪುರದ ಮಗ್ಗ ಮತ್ತು ಗಾರ್ಮೆಂಟ್ಸ್, ದಾಬಸ್‌ಪೇಟೆಯ ಕಾರ್ಖಾನೆ, ಹೊಸಕೋಟೆಯ ಗೋದಾಮು, ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಲಿನ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಇಲ್ಲಿನ ಶಾಲೆಗಳಲ್ಲಿದ್ದಾರೆ. ಮನೆಯಲ್ಲಿ ತೆಲುಗು, ಉರ್ದು, ತಮಿಳು, ಹಿಂದಿ ಆಡುವವರು, ಉತ್ತರ ಕರ್ನಾಟಕದ ಕನ್ನಡ ಆಡುವವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಶಿಕ್ಷಕರು ಕೇಳಿದ ಪ್ರಶ್ನೆಗೆ ಮುಂದಿನ ಬೆಂಚಿನ ನಾಲ್ವರು ಕೈಯೆತ್ತುತ್ತಾರೆ, ಉಳಿದವರು ತಲೆ ತಗ್ಗಿಸುತ್ತಾರೆ. ಇಲ್ಲಿ ಅಮೆರಿಕದ ಶಿಕ್ಷಣ ತಜ್ಞ ಫ್ರಾಂಕ್ ಲೈಮನ್ 1981ರಲ್ಲಿ ಹೇಳಿದ ಸರಳ ಕ್ರಮ ಉಪಯೋಗಕ್ಕೆ ಬರುತ್ತದೆ. ಪ್ರಶ್ನೆ ಕೇಳಿದ ಮೇಲೆ ಒಂದು ನಿಮಿಷ ಎಲ್ಲರೂ ಸುಮ್ಮನೆ ಯೋಚಿಸಬೇಕು, ಯಾರೂ ಕೈಯೆತ್ತಬಾರದು. ಮುಂದಿನ ಎರಡು ನಿಮಿಷ ಪಕ್ಕದವರೊಂದಿಗೆ ಮಾತು. ಆಮೇಲೆ ಯಾರನ್ನಾದರೂ ಕರೆದು ಕೇಳಬಹುದು. ಅಷ್ಟರಲ್ಲಿ ಒಮ್ಮೆ ತನ್ನ ಮಾತಿನಲ್ಲಿ ಹೇಳಿ ನೋಡಿದ ಮಗುವಿಗೆ ಇಡೀ ತರಗತಿಯ ಎದುರು ಬಾಯಿ ಬಿಡುವ ಧೈರ್ಯ ಬಂದಿರುತ್ತದೆ. ಕನ್ನಡದಲ್ಲಿ ತಡವರಿಸುವ ಮಗು ಪಕ್ಕದವನ ಹತ್ತಿರ ತನ್ನ ಮನೆಮಾತಿನಲ್ಲೇ ಯೋಚಿಸಿ ಹೇಳಲಿ. ತಡೆಯಬೇಕಾದ ಅಗತ್ಯವಿಲ್ಲ.

ಗುಂಪು ಕೆಲಸ ಇದಕ್ಕಿಂತ ಕಷ್ಟದ್ದು, ಹಾಳಾಗುವುದೂ ಬೇಗ. ಆರು ಮಕ್ಕಳ ಗುಂಪಿಗೆ ಒಂದು ಚಾರ್ಟು ಕೊಟ್ಟರೆ ಒಬ್ಬಳು ಬರೆಯುತ್ತಾಳೆ, ಇನ್ನೊಬ್ಬ ಬಣ್ಣ ಹಚ್ಚುತ್ತಾನೆ, ನಾಲ್ವರು ನೋಡುತ್ತಾರೆ. ಇದನ್ನು ತಪ್ಪಿಸಲು ಎಲಿಯಟ್ ಅರನ್ಸನ್ ಎಂಬ ಮನಶ್ಶಾಸ್ತ್ರಜ್ಞ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದ ಶಾಲೆಗಳಲ್ಲಿ ಒಂದು ಉಪಾಯ ಮಾಡಿದ. ಪಾಠವನ್ನು ತುಂಡುಗಳಾಗಿ ಹಂಚುವುದು, ಒಬ್ಬರ ಹತ್ತಿರ ಇರುವ ತುಂಡು ಇನ್ನೊಬ್ಬರ ಹತ್ತಿರ ಇಲ್ಲದಂತೆ ನೋಡಿಕೊಳ್ಳುವುದು. ಎಲ್ಲರೂ ತಮ್ಮದನ್ನು ಹೇಳಿದಾಗಲೇ ಪಾಠ ಪೂರ್ತಿ. ಆ ಊರಿನ ಶಾಲೆಗಳಲ್ಲಿ ಆಗಷ್ಟೇ ಬಿಳಿಯ, ಕರಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿದ್ದರಿಂದ ಎದ್ದಿದ್ದ ಹಗೆತನ ತಗ್ಗಿಸುವುದೂ ಅವನ ಉದ್ದೇಶವಾಗಿತ್ತು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ನೀರು ಈ ಉಪಾಯಕ್ಕೆ ಹೇಳಿ ಮಾಡಿಸಿದ ಪಾಠ. ನಾಲ್ವರ ಗುಂಪಿನಲ್ಲಿ ಒಬ್ಬಳಿಗೆ ದೊಡ್ಡಬಳ್ಳಾಪುರ: ನಂದಿ ಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ಈ ತಾಲ್ಲೂಕಿನ ಕೆರೆಗಳನ್ನು ಹಾದು ಹೆಸರಘಟ್ಟಕ್ಕೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ, ಕೊನೆಗೆ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ. ಇನ್ನೊಬ್ಬನಿಗೆ ನೆಲಮಂಗಲ: ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಮೂರನೆಯವಳಿಗೆ ಹೊಸಕೋಟೆ: ದಕ್ಷಿಣ ಪಿನಾಕಿನಿಯೂ ನಂದಿಯ ಬೆಟ್ಟಸಾಲಿನದೇ, ಆದರೆ ಅದು ಹೊಸಕೋಟೆಯ ಕಡೆಗೆ ಇಳಿದು ತಮಿಳುನಾಡಿಗೆ ಹೋಗಿ ಕಡಲೂರಿನ ಹತ್ತಿರ ಸಮುದ್ರ ಸೇರುತ್ತದೆ. ನಾಲ್ಕನೆಯವನಿಗೆ ದೇವನಹಳ್ಳಿ: ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು ಪೈಪಿನಲ್ಲಿ ಬಂದು ಕೆರೆ ತುಂಬುತ್ತಿದೆ. ಒಂದೇ ತುಂಡು ಸಿಕ್ಕಿದವರೆಲ್ಲ ಮೊದಲು ಒಂದೆಡೆ ಸೇರಿ ಓದಿ ಪಕ್ಕಾ ಮಾಡಿಕೊಳ್ಳಬೇಕು, ಆಮೇಲೆ ತಮ್ಮ ಗುಂಪಿಗೆ ಮರಳಿ ಹೇಳಬೇಕು. ನಾಲ್ಕೂ ತುಂಡು ಕೂಡಿಸಿ ಒಂದು ನಕ್ಷೆ ಬರೆದ ಗುಂಪಿಗೆ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಒಂದೇ ಬೆಟ್ಟದ ನೀರು ಎರಡು ದಿಕ್ಕಿಗೆ ಏಕೆ ಹೋಯಿತು? 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ ಬೆಂಗಳೂರಿಗೆ ಕುಡಿಯುವ ನೀರು ಕೊಡುತ್ತಿತ್ತು. ಈಗ ನಗರ ದೂರದ ಕಾವೇರಿಯನ್ನು ನೆಚ್ಚಿದ್ದೇಕೆ? ಮನೆಯ ಕೊಳವೆಬಾವಿ ಎಷ್ಟು ಅಡಿ ಆಳ, ಅಜ್ಜನ ಕಾಲದ ಬಾವಿ ಎಷ್ಟಿತ್ತು ಎಂದು ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬಂದರೆ ಮರುದಿನದ ಗಣಿತದ ಪೀರಿಯಡ್‌ಗೆ ಸ್ತಂಭಾಲೇಖ ಸಿದ್ಧ. ಪುಸ್ತಕದಲ್ಲಿ ನದಿಗಳು ಎಂದು ಒಂದೂವರೆ ಪುಟದಲ್ಲಿ ಮುಗಿಯುವ ವಿಷಯ ಮನೆಯಂಗಳದ ಸಮಸ್ಯೆಯಾಗುವುದು ಹೀಗೆ.

ಗಣಿತಕ್ಕೆ ಈ ಜಿಲ್ಲೆಯಲ್ಲೇ ಒಂದು ಹಿನ್ನೆಲೆಯಿದೆ. ಅಕ್ಷರ ಫೌಂಡೇಶನ್ ಎಂಬ ಸಂಸ್ಥೆ ಗ್ರಾಮೀಣ ಶಾಲೆಗಳಿಗೆ ರೂಪಿಸಿದ ಗಣಿತ ಕಾರ್ಯಕ್ರಮವನ್ನು ಮೊದಮೊದಲು ಪ್ರಯೋಗಿಸಿದ್ದು ಹೊಸಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ. ಅದು ಬೆಳೆದು ಗಣಿತ ಕಲಿಕಾ ಆಂದೋಲನವಾಗಿ ರಾಜ್ಯದ ನಾಲ್ಕು ಮತ್ತು ಐದನೇ ತರಗತಿಗಳಿಗೆ ಕಿಟ್ ರೂಪದಲ್ಲಿ ತಲುಪಿತು. ನಲಿ-ಕಲಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಇದು ಶುರುವಾಗುತ್ತದೆ ಎಂಬುದನ್ನು ಗಮನಿಸಬೇಕು. ಮಣಿಚೌಕಟ್ಟು, ದಾಳ, ಆಟದ ನೋಟು, ತಕ್ಕಡಿ, ಭಿನ್ನರಾಶಿ ಪಟ್ಟಿ ಆ ಕಿಟ್‌ನಲ್ಲಿವೆ. ಮೂರನೇ ಒಂದು ದೊಡ್ಡದೋ ನಾಲ್ಕನೇ ಒಂದೋ ಎಂದರೆ ನಾಲ್ಕೇ ದೊಡ್ಡ ಸಂಖ್ಯೆಯಲ್ಲವೇ ಎನ್ನುವ ಮಗು, ಎರಡು ಪಟ್ಟಿಯನ್ನು ಒಂದರ ಕೆಳಗೊಂದು ಇಟ್ಟು ನೋಡಿದ ಕ್ಷಣ ತನ್ನ ತಪ್ಪನ್ನು ತಾನೇ ಕಾಣುತ್ತದೆ. ಆದರೆ ಕಳೆದುಹೋದರೆ ಲೆಕ್ಕ ಕೊಡಬೇಕಾದೀತು ಎಂಬ ಹೆದರಿಕೆಗೆ ಎಷ್ಟೋ ಶಾಲೆಗಳಲ್ಲಿ ಇಂಥ ಸಾಮಗ್ರಿ ಬೀರುವಿನಲ್ಲೇ ಉಳಿದುಬಿಡುತ್ತದೆ. ಒಂದೆರಡು ದಾಳ ಕಳೆದರೆ ಕಳೆಯಲಿ, ಮಕ್ಕಳ ಕೈ ತಾಗಲಿ ಎಂದು ಮುಖ್ಯ ಶಿಕ್ಷಕರು ಹೇಳಿದರೆ ಸಾಕು.

ಇಷ್ಟೆಲ್ಲ ಮಾಡಿದರೆ ಫಲ ಇದೆಯೇ ಎಂದು ಕೇಳುವವರಿಗೆ ಉತ್ತರವಿದೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಪದವಿ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬರೀ ಉಪನ್ಯಾಸ ಕೇಳಿದವರಲ್ಲಿ ನಪಾಸಾದವರು ಶೇ 33.8. ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಶೇ 21.8. ಕಾಲೇಜಿನ ಅಂಕಿಯನ್ನು ಹಾಗೆಯೇ ಹಳ್ಳಿಯ ಶಾಲೆಗೆ ಹೊಂದಿಸಲಾಗದು, ಆದರೂ ದಿಕ್ಕು ಸ್ಪಷ್ಟ. 2019ರಲ್ಲಿ ಹಾರ್ವರ್ಡ್‌ನಲ್ಲಿ ನಡೆದ ಇನ್ನೊಂದು ಅಧ್ಯಯನ ಶಿಕ್ಷಕರು ಅಗತ್ಯವಾಗಿ ತಿಳಿದಿರಬೇಕಾದದ್ದು. ಸಕ್ರಿಯವಾಗಿ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರೂ ತಾವು ಕಡಿಮೆ ಕಲಿತೆವು ಎಂದೇ ಭಾವಿಸಿದ್ದರು. ತಲೆಗೆ ಶ್ರಮ ಬಿದ್ದಾಗ ಕಲಿಕೆ ಕಷ್ಟವೆನಿಸುತ್ತದೆ. ನಿರರ್ಗಳ ಉಪನ್ಯಾಸ ಕೇಳಿದಾಗ ಎಲ್ಲ ತಿಳಿದಂತೆ ಅನಿಸುತ್ತದೆ. ಮಕ್ಕಳು ಮನೆಗೆ ಹೋಗಿ ಇವತ್ತು ಮಿಸ್ಸು ಪಾಠವನ್ನೇ ಮಾಡಲಿಲ್ಲ ಎಂದರೆ ಅದನ್ನು ಶಿಕ್ಷಕಿಯ ಸೋಮಾರಿತನ ಎಂದು ತಿಳಿಯುವ ಮೊದಲು ಪೋಷಕರು ಇದನ್ನು ನೆನೆಯಬೇಕು.

ಹಾಗೆಂದು ಶಿಕ್ಷಕರು ವಿವರಿಸುವುದನ್ನೇ ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಚಟುವಟಿಕೆ ಮುಗಿದ ಮೇಲೆ ಏನು ತಿಳಿಯಿತು ಎಂದು ಕಟ್ಟಿಕೊಡದಿದ್ದರೆ ಆಟ ಆಟವಾಗಿಯೇ ಉಳಿಯುತ್ತದೆ. ಮಗ್ಗಿ ಬಾಯಿಪಾಠ ಬರಲೇಬೇಕು, ಇಲ್ಲದಿದ್ದರೆ ಭಾಗಾಕಾರದ ನಡುವೆ ಏಳೆಂಟ್ಲಿ ಎಷ್ಟು ಎಂದು ಹುಡುಕುವುದರಲ್ಲೇ ಯೋಚನೆಯ ಎಳೆ ಹರಿಯುತ್ತದೆ. ಓದಲು ಬಾರದ ಮಗುವಿಗೆ ಗುಂಪಿನಲ್ಲಿ ಓದಿ ಚರ್ಚಿಸು ಎಂದರೆ ಅದು ಅವಮಾನ. ಆ ಮಗುವಿಗೆ ಮೊದಲು ಓದು ಕಲಿಸಬೇಕು. ಇನ್ನು ರೂಪಣಾತ್ಮಕ ಮೌಲ್ಯಮಾಪನದ ಹೆಸರಿನಲ್ಲಿ ಸೈಬರ್ ಸೆಂಟರಿನಿಂದ ಪ್ರಿಂಟು ತೆಗೆಸಿ ಅಂಟಿಸಿದ ಪ್ರಾಜೆಕ್ಟುಗಳು ಸಕ್ರಿಯ ಕಲಿಕೆಗೆ ಆದ ದೊಡ್ಡ ಅನ್ಯಾಯ. ಮಗುವಿನ ವಕ್ರ ಕೈಬರಹದ ಒಂದು ಪುಟ ಅಂಥ ಹತ್ತು ಫೈಲಿಗಿಂತ ಹೆಚ್ಚು ಬೆಲೆಯುಳ್ಳದ್ದು, ಅಂಕ ಕೊಡುವಾಗ ಅದಕ್ಕೇ ಕೊಡಬೇಕು.

ಮೊದಲ ಹೆಜ್ಜೆ ನಾಲ್ಕನೇ ತರಗತಿಯಲ್ಲೇ ಆಗಬೇಕು. ಜೂನ್ ಮೊದಲ ವಾರ ಆ ತರಗತಿಯ ಶಿಕ್ಷಕರು ನಲಿ-ಕಲಿ ಶಿಕ್ಷಕಿಯ ಜೊತೆ ಅರ್ಧ ದಿನ ಕೂತು, ಪ್ರತಿ ಮಗು ಯಾವ ಮೆಟ್ಟಿಲಿನಲ್ಲಿ ಬಂದಿದೆ ಎಂದು ಪ್ರಗತಿ ನೋಟದಿಂದ ಬರೆದುಕೊಳ್ಳಲಿ. ಬೆಂಚುಗಳು ಸಾಲಿನಲ್ಲೇ ಇರಲಿ, ದಿನಕ್ಕೆ ಒಂದೇ ಪೀರಿಯಡ್ ಆದರೂ ಮಕ್ಕಳು ಪರಸ್ಪರ ಮುಖ ನೋಡಿ ಕೂರಲಿ, ಒಂದೇ ಒಳ್ಳೆಯ ಪ್ರಶ್ನೆಗೆ ಬೆರಳು ತೋರಿಸಲಿ. ಸಿಆರ್‌ಪಿಗಳು (ಸಮೂಹ ಸಂಪನ್ಮೂಲ ವ್ಯಕ್ತಿಗಳು) ಶಾಲೆಗೆ ಬಂದಾಗ ದಾಖಲೆ ಪುಸ್ತಕ ಕೇಳುವ ಮೊದಲು ಹತ್ತು ನಿಮಿಷ ಹಿಂದಿನ ಬೆಂಚಿನಲ್ಲಿ ಕೂತು, ಎಷ್ಟು ಮಕ್ಕಳು ಬಾಯಿ ಬಿಟ್ಟರು ಎಂದು ನೋಡಲಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ತಂದೆ-ತಾಯಂದಿರು ಸಂಜೆ ಮನೆಯಲ್ಲಿ ನೋಟ್ಸ್ ಎಷ್ಟು ಪುಟ ಆಯಿತು ಎಂದು ಕೇಳುವ ಬದಲು, ಇವತ್ತು ಶಾಲೆಯಲ್ಲಿ ಯಾವ ಪ್ರಶ್ನೆಗೆ ಏನು ಹೇಳಿದೆ, ಏಕೆ ಹಾಗೆ ಹೇಳಿದೆ ಎಂದು ಮಗುವನ್ನು ಕೇಳಲಿ.